ಮಾತಿನ ಬಾಲ ಕತ್ತರಿಸಬೇಡಿ

"ಬ್ರೋ, ಆಡಿಯೋ ತುಂಬಾ ನಾಯ್ಸಿ ಬಂದಿದೆ. ಕ್ಲೀನ್ ಮಾಡೋಕೆ ಯಾವ ಸಾಫ್ಟ್‌ವೇರ್ ಬೆಸ್ಟು?"

ಕಿರುಚಿತ್ರ ಮಾಡುವ ಗೆಳೆಯರಿಂದ ಈ ಪ್ರಶ್ನೆ ಬರೋದು ಸಾಮಾನ್ಯವಾಗಿ ಭಾನುವಾರ ರಾತ್ರಿ. ಎರಡು ದಿನದ ಶೂಟಿಂಗ್ ಮುಗಿದಿರುತ್ತದೆ, ಬೆಳಗ್ಗೆ ಆಫೀಸಿಗೆ ಹೋಗಬೇಕಿರುತ್ತದೆ, ನಟರನ್ನು ಮತ್ತೆ ಕರೆಸೋಕೆ ಆಗಲ್ಲ. ಹಾಗಾಗಿ ಅವರಿಗೆ ಒಂದೇ ಒಂದು ಹೆಸರು ಬೇಕು. ಕೊಂಡೋ, ಕದ್ದೋ, ಇನ್‌ಸ್ಟಾಲ್ ಮಾಡಿ ಒಂದು ಬಟನ್ ಒತ್ತಿ ಮಲಗೋ ಥರದ್ದು. ಆ ಹೆಸರು ಕೊಡೋಕೆ ನಾನು ತಯಾರಿಲ್ಲ. ಪ್ರಶ್ನೆಯೇ ಸೊಟ್ಟಗಿದೆ.

ಈಚಿನ ಕನ್ನಡ ಕಿರುಚಿತ್ರಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲೆಲ್ಲ ಫ್ಯಾನಿನ ಗೊರಗೊರ, ಹಿಂದೆ ಎಲ್ಲೋ ಲಾರಿ ರಿವರ್ಸ್ ತೆಗೆದುಕೊಳ್ಳುವ ಸದ್ದು ಇವೆಲ್ಲ ಧಾರಾಳವಾಗಿ ಇರುತ್ತಿದ್ದವು. ಈಗ ಕಡಿಮೆಯಾಗಿವೆ. ಅವುಗಳ ಜಾಗದಲ್ಲಿ ಪಾತ್ರಗಳು ನೀರಿನ ತೊಟ್ಟಿಯೊಳಗೆ ಕೂತು ಮಾತಾಡುತ್ತಿವೆ. ತಾಯಿ ಸತ್ತ ಸುದ್ದಿ ಹೇಳುವ ಮಗನ ದನಿ ನೆಟ್‌ವರ್ಕ್ ಇಲ್ಲದ ಕಡೆಯಿಂದ ಬಂದ ವಾಟ್ಸಾಪ್ ಕಾಲ್ ಥರ ಕೇಳುತ್ತದೆ. ನನ್ನ ತಕರಾರು ಇಷ್ಟೇ: ನಮ್ಮ ಚಿತ್ರಗಳ ಮಾತನ್ನು ಕೆಟ್ಟ ರೆಕಾರ್ಡಿಂಗ್ ಅರ್ಧ ಕೊಲ್ಲುತ್ತಿದೆ, ಉಳಿದರ್ಧವನ್ನು ಅದನ್ನು ಉಳಿಸಲು ಬಂದ ಸಾಫ್ಟ್‌ವೇರ್ ಮುಗಿಸುತ್ತಿದೆ. ಆ ಪೆಟ್ಟು ಕನ್ನಡಕ್ಕೆ ಬೀಳುವ ಜಾಗವೂ ಬೇರೆ.

ಅದು ಹೇಗೆ ಅಂತ ಹೇಳುವ ಮೊದಲು, ಈ ಸಾಫ್ಟ್‌ವೇರ್‌ಗಳು ಒಳಗೆ ಏನು ಮಾಡುತ್ತವೆ ಅಂತ ಸ್ವಲ್ಪ ನೋಡೋಣ.

ಹಳೆಯ ಪದ್ಧತಿ ಕಳೆಯುವ ಲೆಕ್ಕ. ಯಾರೂ ಮಾತಾಡದ ಒಂದೆರಡು ಸೆಕೆಂಡಿನ ತುಣುಕನ್ನು ತೋರಿಸಿ "ಇದು ಗಲಾಟೆ" ಅಂತ ಸಾಫ್ಟ್‌ವೇರ್‌ಗೆ ಹೇಳುತ್ತೀರಿ. ಅದು ಇಡೀ ರೆಕಾರ್ಡಿಂಗನ್ನು ನೂರಾರು ಸಣ್ಣ ಸಣ್ಣ ಕಂಪನದ ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಆ ಗಲಾಟೆಯಷ್ಟನ್ನು ತಗ್ಗಿಸುತ್ತದೆ. ಸ್ಟೀವನ್ ಬೋಲ್ 1979ರಲ್ಲಿ ಬರೆದ ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ಪ್ರಬಂಧದ ಮೂಲ ವಿಚಾರವೇ ಇದು. ಉಚಿತವಾಗಿ ಸಿಗುವ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಕೂಡ ಇದೇ ವಂಶದ್ದು. ಇದರ ಜನ್ಮದೋಷವೂ ಅಷ್ಟೇ ಹಳೆಯದು. ಜಾಸ್ತಿ ಕಳೆದರೆ ಅಲ್ಲಲ್ಲಿ ಉಳಿದ ಚೂರುಗಳು ಕಿಣಿಕಿಣಿ ಅಂತ ಹಕ್ಕಿ ಚಿಲಿಪಿಲಿಯ ಹಾಗೆ ಕೇಳುತ್ತವೆ. ಈ ಫೀಲ್ಡಿನವರು ಅದಕ್ಕೆ ಮ್ಯೂಸಿಕಲ್ ನಾಯ್ಸ್ ಅಂತಾರೆ. ಹೆಸರು ಚೆನ್ನಾಗಿದೆ, ಕೇಳೋಕೆ ಚೆನ್ನಾಗಿಲ್ಲ.

ಹೊಸ ಪದ್ಧತಿ ನ್ಯೂರಲ್ ನೆಟ್‌ವರ್ಕ್‌ಗಳದ್ದು. ಇದಕ್ಕೆ ಗಲಾಟೆಯ ಮಾದರಿ ತೋರಿಸಬೇಕಾಗಿಲ್ಲ. ಸಾವಿರಾರು ತುಣುಕು ಕೇಳಿ ಕಲಿತಿರುವ ಇದು "ಯಾವುದು ಮಾತು" ಅಂತ ತಾನೇ ತೀರ್ಮಾನಿಸಿ, ಉಳಿದದ್ದನ್ನು ಬಿಸಾಡುತ್ತದೆ. ಡಾವಿಂಚಿ ರಿಸಾಲ್ವ್ ಸ್ಟುಡಿಯೋದ ವಾಯ್ಸ್ ಐಸೊಲೇಶನ್, ವೇವ್ಸ್ ಕಂಪನಿಯ ಕ್ಲಾರಿಟಿ ವಿಎಕ್ಸ್, ಐಜೋಟೋಪ್ ಆರ್‌ಎಕ್ಸ್‌ನ ಡೈಲಾಗ್ ಐಸೊಲೇಟ್ ಎಲ್ಲ ಈ ಜಾತಿ. ಇದರಲ್ಲೇ ಇನ್ನೊಂದು ಪಂಗಡವಿದೆ: ಅಡೋಬಿ ಪಾಡ್‌ಕಾಸ್ಟ್‌ನ ಎನ್‌ಹಾನ್ಸ್ ಸ್ಪೀಚ್‌ನಂಥವು. ಇವು ನಿಮ್ಮ ದನಿಯನ್ನು ಬರೀ ತೊಳೆಯುವುದಿಲ್ಲ, ಸ್ಟುಡಿಯೋದಲ್ಲಿ ಕೂತು ಮಾತಾಡಿದ ಹಾಗೆ ಅದನ್ನು ಹೊಸದಾಗಿ ಕಟ್ಟಿಕೊಡುತ್ತವೆ. ಮೂಲ ತೀರಾ ಹದಗೆಟ್ಟಿದ್ದರೆ, ನಟ ಆಡದೇ ಇದ್ದ ಉಚ್ಚಾರಗಳನ್ನೂ ಇಂಥವು ಹುಟ್ಟಿಸಬಲ್ಲವು.

ವ್ಯತ್ಯಾಸ ಗಮನಿಸಿ. ಹಳೆಯದರಲ್ಲಿ ಯಾವುದು ಗಲಾಟೆ ಅಂತ ಹೇಳುವವರು ನೀವು. ಹೊಸದರಲ್ಲಿ ಯಾವುದು ಮಾತು ಅಂತ ಹೇಳೋದು ಅದು.

ಈಗ ಕನ್ನಡಕ್ಕೆ ಬನ್ನಿ. ನಮ್ಮ ವಾಕ್ಯದಲ್ಲಿ ಮುಖ್ಯವಾದ ಸುದ್ದಿ ಎಲ್ಲಿರುತ್ತದೆ? ಕೊನೆಯಲ್ಲಿ. ಬಂದ, ಬಂದೆ, ಬಂದ್ಲು, ಬಂದ್ರು. ಯಾರು ಬಂದದ್ದು, ಗಂಡೋ ಹೆಣ್ಣೋ, ಮರ್ಯಾದೆ ಕೊಟ್ಟು ಹೇಳಿದ್ದೋ ಇಲ್ಲವೋ, ಎಲ್ಲ ಆ ಕೊನೆಯ ಅರ್ಧ ಅಕ್ಷರದಲ್ಲಿ. "ಗೊತ್ತಿದೆ", "ಗೊತ್ತಿಲ್ಲ", "ಗೊತ್ತಿಲ್ವಾ" ಈ ಮೂರೂ ಶುರುವಾಗೋದು ಒಂದೇ ಥರ. ಇಂಗ್ಲಿಷಿನವರು ಪ್ರಶ್ನೆ ಕೇಳಬೇಕಾದರೆ ಸಾಮಾನ್ಯವಾಗಿ ವಾಕ್ಯದ ಮೊದಲಲ್ಲೇ ಸೂಚನೆ ಕೊಟ್ಟುಬಿಡುತ್ತಾರೆ. ನಾವು "ಬಂದ್ರು" ಅನ್ನೋದನ್ನ "ಬಂದ್ರಾ" ಮಾಡಿ ಕೊನೆಯ ಸ್ವರದಲ್ಲಿ ಪ್ರಶ್ನೆ ಇಡುತ್ತೇವೆ. "ಇಲ್ಲ" ಅನ್ನೋದೂ ನಮಗೆ ಕೊನೆಗೇ ಬರೋದು.

ಮನುಷ್ಯರ ದನಿ ಬೀಳೋದೂ ವಾಕ್ಯದ ಕೊನೆಗೇ. ಉಸಿರು ಮುಗಿಯುತ್ತಾ ಬರುತ್ತದೆ, ಮಾತು ಮೆತ್ತಗಾಗುತ್ತದೆ, ಫ್ಯಾನಿನ ಸದ್ದಿನ ಮಟ್ಟಕ್ಕೆ ಇಳಿಯುತ್ತದೆ. ಸಾಫ್ಟ್‌ವೇರ್ ಕತ್ತರಿ ಹಾಕೋದು ಸರಿಯಾಗಿ ಅಲ್ಲೇ. ಅದರ ಲೆಕ್ಕದಲ್ಲಿ ಗಲಾಟೆಯಷ್ಟೇ ಮೆತ್ತಗಿರುವುದು ಗಲಾಟೆಯೇ. ಹೀಗಾಗಿ ತೊಳೆದ ಮೇಲೆ "ನಾನು ಅವತ್ತು ಅಲ್ಲಿಗೆ ಹೋಗಿರ್ಲಿಲ್ಲ" ಅನ್ನೋದು "ನಾನು ಅವತ್ತು ಅಲ್ಲಿಗೆ ಹೋಗಿರ್..." ಆಗುತ್ತದೆ. ಕಥೆಯ ತಿರುವೇ ಆ "ಲಿಲ್ಲ"ದಲ್ಲಿದ್ದರೆ?

ಇನ್ನೊಂದು ಬಲಿ ಹಕಾರ. ಉಚ್ಚಾರದಲ್ಲಿ ಹ ಅಂದರೆ ಹೆಚ್ಚೂಕಮ್ಮಿ ಬರೀ ಉಸಿರು, ಗಲಾಟೆಯ ಹತ್ತಿರದ ನೆಂಟ. ಸಾಫ್ಟ್‌ವೇರ್ ಅದನ್ನು ಸಲೀಸಾಗಿ ನುಂಗುತ್ತದೆ. "ಹತ್ತು" ಹೋಗಿ "ಅತ್ತು" ಆಗುತ್ತದೆ. ನಮ್ಮಲ್ಲಿ ಇದು ಬರೀ ಅಸ್ಪಷ್ಟತೆಯ ಪ್ರಶ್ನೆಯಲ್ಲ. "ಹಾಲು" ಅನ್ನುವವರು ಯಾರು, "ಆಲು" ಅನ್ನುವವರು ಯಾರು ಅನ್ನೋದರ ಹಿಂದೆ ಊರು, ಜಾತಿ, ಓದು ಎಲ್ಲ ಇದೆ. ಆ ವ್ಯತ್ಯಾಸವನ್ನು ಇಟ್ಟುಕೊಂಡು ಎಷ್ಟು ಜನರನ್ನು ಗೇಲಿ ಮಾಡಿದ್ದೇವೆ ಅಂತ ನಮಗೆಲ್ಲ ಗೊತ್ತಿದೆ. ನಿರ್ದೇಶಕರು ಯೋಚಿಸಿ ಒಂದು ಪಾತ್ರಕ್ಕೆ ಹಕಾರ ಕೊಟ್ಟಿದ್ದಾರೆ, ಇನ್ನೊಂದಕ್ಕೆ ಕೊಟ್ಟಿಲ್ಲ. ಬಟನ್ ಒತ್ತಿದಾಗ ಇಬ್ಬರೂ ಒಂದೇ ಥರ ಮಾತಾಡತೊಡಗುತ್ತಾರೆ. ಮಂಡ್ಯದ ನೊದೆಕೊಪ್ಪಲಿನ ಸುತ್ತಮುತ್ತ ವೃತ್ತಿನಟರಲ್ಲದವರನ್ನು ಹಾಕಿಕೊಂಡು ಮಾಡಿದ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು ಬಂತಲ್ಲ, ಅದರ ಅರ್ಧ ಜೀವ ಆ ಜನರ ಮಾತಿನ ಒರಟಿನಲ್ಲಿದೆ. ಆ ಒರಟನ್ನು ನಯ ಮಾಡಿಬಿಟ್ಟರೆ ಚಿತ್ರದಲ್ಲಿ ಏನು ಉಳಿಯುತ್ತಿತ್ತು?

ಪಿಸುಮಾತಿನ ಗತಿ ಇನ್ನೂ ಕಷ್ಟ. ಅದರಲ್ಲಿ ಗಂಟಲಿನ ನಾದವೇ ಇಲ್ಲ, ಇಡೀ ಮಾತು ಉಸಿರು. ಬಿಕ್ಕಳಿಕೆ, ನಿಟ್ಟುಸಿರು, "ತ್ಚ್" ಅನ್ನುವ ಲೊಚಗುಟ್ಟುವಿಕೆ, ಇವು ಅನೇಕ ನ್ಯೂರಲ್ ಸಾಧನಗಳಿಗೆ ಮಾತಿನ ಹಾಗೆ ಕಾಣುವುದೇ ಇಲ್ಲ. ಯಾಕಂದ್ರೆ ಇಂಥವುಗಳಲ್ಲಿ ಎಷ್ಟೋ ಹುಟ್ಟಿದ್ದು ಕಾಲ್‌ಗಳಿಗಾಗಿ, ಪಾಡ್‌ಕಾಸ್ಟ್‌ಗಳಿಗಾಗಿ. ಅಲ್ಲಿ ನಿಟ್ಟುಸಿರು ಕಸ. ನಿಮ್ಮ ಟೀಮ್ಸ್ ಮೀಟಿಂಗಿನಲ್ಲಿ ಅದು ಹೋದರೆ ಒಳ್ಳೇದೇ. ಸಿನಿಮಾದಲ್ಲಿ ನಟಿಗೆ ದುಡ್ಡು ಕೊಟ್ಟಿರೋದೇ ಅದಕ್ಕೆ. ಜೊತೆಗೆ, ಈ ಕ್ಷೇತ್ರದ ಸಂಶೋಧನೆಯಲ್ಲಿ ಹೊಸ ಮಾದರಿಗಳನ್ನು ಅಳೆಯಲು ಬಹಳ ಬಳಸುವ ವಾಯ್ಸ್‌ಬ್ಯಾಂಕ್-ಡಿಮ್ಯಾಂಡ್ ಎಂಬ ಸಂಗ್ರಹದಲ್ಲಿ ಇರುವುದು ಇಂಗ್ಲಿಷ್ ವಾಕ್ಯಗಳನ್ನು ಓದಿದ ದನಿಗಳು. ಯೂಟ್ಯೂಬಿನ "ಟಾಪ್ 5" ಡೆಮೋಗಳಲ್ಲೂ ಮಾತಾಡೋದು ಹೆಚ್ಚಾಗಿ ಅಮೆರಿಕನ್ ಇಂಗ್ಲಿಷೇ. ಅಲ್ಲಿ ಫಸ್ಟ್ ಬಂದದ್ದು ಧಾರವಾಡದ ಅಜ್ಜಿಯ ಮಾತಿಗೂ ಫಸ್ಟ್ ಅಂತ ನೀವು ಹೇಗೆ ನಂಬುತ್ತೀರಿ?

ಹಾಗಾದರೆ ಸಾಫ್ಟ್‌ವೇರ್ ಬೇಡವಾ? ಬೇಕು. ಆದರೆ ಯಾವ ಕಾಯಿಲೆ ಅಂತ ನೋಡದೆ ಮಾತ್ರೆ ಕೇಳಬೇಡಿ. "ನಾಯ್ಸ್" ಅನ್ನೋ ಒಂದೇ ಹೆಸರಿನಡಿ ಐದಾರು ಬೇರೆ ಬೇರೆ ರೋಗಗಳಿವೆ.

ಗುಂಯ್ ಅನ್ನುವ ಕರೆಂಟಿನ ಸದ್ದು: ನಮ್ಮ ದೇಶದಲ್ಲಿ ಅದು 50 ಹರ್ಟ್ಸ್, ಅದರ ಮರಿಗಳು 100, 150, 200 ಹೀಗೆ. ಜಾಗ ಗೊತ್ತಿರುವ ಕಳ್ಳ. ಆ ಸಣ್ಣ ಪಟ್ಟಿಗಳನ್ನು ಮಾತ್ರ ನಾಚ್ ಫಿಲ್ಟರಿನಿಂದ ತೆಗೆದರೆ ಆಯಿತು. ಆಡಾಸಿಟಿಯಲ್ಲಿ ಪುಕ್ಕಟೆ ಆಗುತ್ತದೆ, ಮಾತಿಗೆ ಹೆಚ್ಚು ಪೆಟ್ಟಿಲ್ಲ. ಅಮೆರಿಕನ್ ಟ್ಯುಟೋರಿಯಲ್ ನೋಡಿಕೊಂಡು 60 ಹಾಕಬೇಡಿ, ಅದು ಅವರ ಕರೆಂಟು.

ಫ್ಯಾನ್, ಏಸಿ, ಫ್ರಿಜ್‌ನಂಥ ಒಂದೇ ಸಮನೆ ಬರುವ ಸದ್ದು: ಇದಕ್ಕೆ ಹಳೆಯ ಕಳೆಯುವ ಲೆಕ್ಕವೇ ಸಾಕು. ಆಡಾಸಿಟಿ, ಅಥವಾ ರೀಪರ್‌ನವರು ಕೊಡುವ ರಿಯಾಫಿರ್. ಆಡಾಸಿಟಿಯಲ್ಲಿ 6 ಡೆಸಿಬೆಲ್ ತಗ್ಗಿಸುವುದರಿಂದ ಶುರು ಮಾಡಿ. ಸಾಲದಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ವಾಕ್ಯದ ಬಾಲ ಇದೆಯಾ ಅಂತ ಕೇಳಿ.

ಹಾರ್ನ್, ನಾಯಿ, ಬಾಗಿಲು ಬಡಿತ: ಇವು ಬಂದು ಹೋಗುವ ಸದ್ದುಗಳು. ಇವಕ್ಕೆ ಇಡೀ ಟ್ರ್ಯಾಕ್ ತೊಳೆಯುವುದು ಮೂರ್ಖತನ. ಸ್ಪೆಕ್ಟ್ರೋಗ್ರಾಮ್ ತೆರೆದರೆ ಹಾರ್ನ್ ಅಡ್ಡಗೆರೆಗಳ ಹಾಗೆ ಕಣ್ಣಿಗೇ ಕಾಣುತ್ತದೆ. ಅದನ್ನಷ್ಟೇ ಆರಿಸಿ ಅಳಿಸಬೇಕು. ಈ ಕೆಲಸದಲ್ಲಿ ಆರ್‌ಎಕ್ಸ್‌ನ ಸ್ಪೆಕ್ಟ್ರಲ್ ರಿಪೇರ್ ನಿಜಕ್ಕೂ ದುಡ್ಡಿಗೆ ತಕ್ಕದ್ದು. ಆಡಾಸಿಟಿಯಲ್ಲೂ ಒರಟಾಗಿ ಮಾಡಬಹುದು. ಅಥವಾ ಇನ್ನೊಂದು ಟೇಕಿನಿಂದ ಅದೇ ಪದ ತಂದು ಅಂಟಿಸಿ. ಇದು ಎಲ್ಲಕ್ಕಿಂತ ಹಳೆಯ ಉಪಾಯ, ಎಷ್ಟೋ ಸಲ ಎಲ್ಲಕ್ಕಿಂತ ಒಳ್ಳೆಯದೂ ಹೌದು.

ಒಡೆದ ದನಿ, ಅಂದರೆ ಕ್ಲಿಪ್ಪಿಂಗ್: ನಟ ಕಿರುಚಿದ, ರೆಕಾರ್ಡರ್ ತಡೆದುಕೊಳ್ಳಲಿಲ್ಲ. ಡಿ-ಕ್ಲಿಪ್ ಸ್ವಲ್ಪ ಮಟ್ಟಿಗೆ ಮುರಿದ ತುದಿ ಊಹಿಸಿ ಕೂಡಿಸುತ್ತದೆ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು, ಆಮೇಲೆ ಗುಂಯ್, ಅದಾದ ಮೇಲೆ ಫ್ಯಾನ್. ಉಲ್ಟಾ ಮಾಡಿದರೆ ಒಂದು ಸಾಧನದ ಎಂಜಲನ್ನು ಇನ್ನೊಂದು ತಿನ್ನುತ್ತದೆ.

ಇನ್ನು ಖಾಲಿ ಫ್ಲ್ಯಾಟಿನ ಮಾರ್ದನಿ ಮತ್ತು ಬೆಂಗಳೂರಿನ ಟ್ರಾಫಿಕ್. ಇವೆರಡರಲ್ಲಿ ಕಳೆಯುವ ಲೆಕ್ಕ ಸೋಲುತ್ತದೆ. ಮಾರ್ದನಿ ಅಂದರೆ ಮಾತಿನದೇ ನೆರಳು, ಟ್ರಾಫಿಕ್ ಕ್ಷಣಕ್ಷಣಕ್ಕೂ ಬದಲಾಗುವಂಥದ್ದು. ಇಲ್ಲಿ ನ್ಯೂರಲ್ ಸಾಧನಗಳು ಹತ್ತು ವರ್ಷದ ಹಿಂದೆ ಕನಸಲ್ಲೂ ಆಗದ ಕೆಲಸ ಮಾಡುತ್ತವೆ, ಒಪ್ಪುತ್ತೇನೆ. ಆದರೆ 100ಕ್ಕೆ ಇಡಬೇಡಿ. ಅರ್ಧಕ್ಕಿಡಿ, ಮೂಲ ಟ್ರ್ಯಾಕನ್ನು ಸ್ವಲ್ಪ ಬೆರೆಸಿ. ಪಿಸುಮಾತು ಬಂದ ಕಡೆ ಪೂರ್ತಿ ಆಫ್ ಮಾಡಿ.

ಸಾಫ್ಟ್‌ವೇರ್ ಆಯ್ಕೆ ಅಂದರೆ ನನ್ನ ಪ್ರಕಾರ ಇಷ್ಟೇ: ಎಲ್ಲಿ ನಿಲ್ಲಿಸಬೇಕು ಅಂತ ನಿಮ್ಮ ಕೈಗೆ ಬಿಡುವಂಥದ್ದನ್ನು ಆರಿಸಿ. ದೊಡ್ಡ ಸ್ಟುಡಿಯೋಗಳು ವರ್ಷಗಟ್ಟಲೆ ನೆಚ್ಚಿಕೊಂಡ ಸೀಡರ್ ಡಿಎನ್‌ಎಸ್1000 ಅನ್ನೋ ಯಂತ್ರದ ಮುಖದ ಮೇಲೆ ಇದ್ದದ್ದು ಫೇಡರ್‌ಗಳ ಸಾಲು. ಒಬ್ಬ ಮನುಷ್ಯ ಕೂತು, ಕೇಳುತ್ತಾ, ಬೆರಳಲ್ಲಿ ಏರಿಸಿ ಇಳಿಸಬೇಕಿತ್ತು. ಒಂದೇ ಬಟನ್, ಮಟ್ಟ ಇಳಿಸೋ ದಾರಿಯಿಲ್ಲ, ಫೈಲನ್ನು ಬೇರೆ ಯಾರದೋ ಸರ್ವರಿಗೆ ಕಳಿಸಬೇಕು ಅನ್ನುವಂಥ ಸಾಧನವನ್ನು ಸಿನಿಮಾದ ಮಾತಿಗೆ ಮುಟ್ಟಬೇಡಿ. ನಟರ ದನಿ ಅವರದ್ದು. ಎಲ್ಲಿಗೋ ಅಪ್‌ಲೋಡ್ ಮಾಡೋ ಮುಂಚೆ ಅವರನ್ನು ಒಂದು ಮಾತು ಕೇಳಬೇಕು.

"ಪೀಟರ್ ಜಾಕ್ಸನ್ ಮಾಡಲಿಲ್ವಾ?" ಅಂತ ಕೇಳುವವರಿದ್ದಾರೆ. ಮಾಡಿದರು. 1969ರ ಜನವರಿಯಲ್ಲಿ ಬೀಟಲ್ಸ್ ಬ್ಯಾಂಡಿನವರ ಹರಟೆಯನ್ನೂ ಗಿಟಾರನ್ನೂ ಒಟ್ಟಿಗೆ ಹಿಡಿದಿದ್ದ ಮೋನೋ ಟೇಪುಗಳಿಂದ ಮಾತನ್ನು ಬೇರ್ಪಡಿಸಿ 2021ರಲ್ಲಿ 'ಗೆಟ್ ಬ್ಯಾಕ್' ತಂದರು. ಆದರೆ ಅದಕ್ಕಾಗಿ ಅವರ ತಂಡ ತನ್ನದೇ ವ್ಯವಸ್ಥೆ ಕಟ್ಟಿ, ಆ ದನಿಗಳನ್ನೂ ವಾದ್ಯಗಳನ್ನೂ ಗುರುತಿಸಲು ಅದಕ್ಕೆ ಕಲಿಸಿತು. ಆ ಟೇಪುಗಳನ್ನು ಮತ್ತೆ ರೆಕಾರ್ಡ್ ಮಾಡುವ ದಾರಿಯೇ ಇರಲಿಲ್ಲ, ಲೆನನ್ ಮತ್ತು ಹ್ಯಾರಿಸನ್ ಈಗಿಲ್ಲ. ನಿಮ್ಮ ನಾಯಕಿ ಜಯನಗರದಲ್ಲಿದ್ದಾಳೆ. ಫೋನ್ ಮಾಡಿ.

"ಹಾಗಾದ್ರೆ ಡಬ್ಬಿಂಗ್ ಮಾಡಿಬಿಡೋಣ" ಅನ್ನೋದು ಇನ್ನೊಂದು ತುದಿ. ನಮ್ಮ ಚಿತ್ರರಂಗ ದಶಕಗಟ್ಟಲೆ ಬದುಕಿದ್ದೇ ಡಬ್ಬಿಂಗ್ ಮೇಲೆ. ಆರಿಫ್ಲೆಕ್ಸ್ 2ಸಿಯಂಥ ಕ್ಯಾಮೆರಾಗಳೇ ಅಷ್ಟು ಸದ್ದು ಮಾಡುತ್ತಿದ್ದವು, ಸೆಟ್ಟಿನಲ್ಲಿ ಮಾತು ಹಿಡಿಯುವ ಆಸೆಯನ್ನೇ ಬಿಡಬೇಕಿತ್ತು. 2001ರ 'ಲಗಾನ್' ಅಷ್ಟು ಜನ, ಅಷ್ಟು ಬಯಲು ಇಟ್ಟುಕೊಂಡು ಸಿಂಕ್ ಸೌಂಡಿನಲ್ಲಿ ಮಾಡಿ ತೋರಿಸಿದ ಮೇಲೆ ದೇಶದ ತುಂಬಾ ಆ ಚರ್ಚೆ ಮತ್ತೆ ಶುರುವಾಯಿತು. ನುರಿತ ನಟರಿದ್ದರೆ ಡಬ್ಬಿಂಗ್ ತಪ್ಪಲ್ಲ, ಕಿಣಿಕಿಣಿ ಅನ್ನೋ ಮಾತಿಗಿಂತ ಎಷ್ಟೋ ಮೇಲು. ಆದರೆ ನಿಮ್ಮ ಕಿರುಚಿತ್ರದಲ್ಲಿ ನಟಿಸಿರೋದು ನಿಮ್ಮ ಚಿಕ್ಕಪ್ಪ. ಅವರನ್ನು ಕತ್ತಲೆ ಕೋಣೆಯಲ್ಲಿ ಮೈಕ್ ಮುಂದೆ ನಿಲ್ಲಿಸಿ ಅದೇ ಅಳುವನ್ನು ಮತ್ತೆ ಅಳಿ ಅಂದರೆ ಬರೋದಿಲ್ಲ.

ಇನ್ನು ದುಡ್ಡಿನ ಮಾತು. ಸಾಫ್ಟ್‌ವೇರ್ ಬರೆದೇ ಸಂಬಳ ಎಣಿಸುವ ನಮ್ಮಲ್ಲೇ ಎಷ್ಟೋ ಜನ ಕ್ರ್ಯಾಕ್ ಮಾಡಿದ ಆರ್‌ಎಕ್ಸ್ ಹಂಚಿಕೊಳ್ಳುತ್ತೇವೆ, ನಾಚಿಕೆಯೂ ಇಲ್ಲದೆ. ಆರ್‌ಎಕ್ಸ್‌ಗೆ ಚಿಕ್ಕ ಆವೃತ್ತಿ ಇದೆ, ಟ್ರಯಲ್ ಇದೆ. ರಿಸಾಲ್ವ್ ಸ್ಟುಡಿಯೋ ಒಮ್ಮೆ ಕೊಂಡರೆ ಸಾಕು. ಆಡಾಸಿಟಿಗೆ ಕಾಸೇ ಬೇಡ. ವೀಕೆಂಡ್ ಚಿತ್ರಕ್ಕೆ ಸಿನಿಮಾ ಲೆನ್ಸು, ಗಿಂಬಲ್, ಡ್ರೋನ್ ಬಾಡಿಗೆಗೆ ತರುವವರು ಮೈಕ್ ಹಿಡಿಯುವ ಹುಡುಗನಿಗೆ ಬಿರಿಯಾನಿಯಲ್ಲೇ ಮುಗಿಸುತ್ತಾರೆ. ಆಮೇಲೆ "ಪೋಸ್ಟ್‌ನಲ್ಲಿ ನೋಡ್ಕೊಳ್ಳೋಣ". ಈ ಮಾತು ಹೇಳುವವರು ಯಾರೂ ಪೋಸ್ಟ್‌ನಲ್ಲಿ ಕೂತು ನೋಡಿಕೊಳ್ಳುವವರಲ್ಲ, ಗಮನಿಸಿ.

ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಮೈಕನ್ನು ಬಾಯಿಂದ 4 ಅಡಿ ದೂರದಲ್ಲಿ ಹಿಡಿದಿದ್ದೀರಿ. ಅದನ್ನು 2 ಅಡಿಗೆ ತನ್ನಿ. ನೇರವಾಗಿ ಬರುವ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಸುತ್ತಲಿನ ಗಲಾಟೆ ಇದ್ದಷ್ಟೇ ಇರುತ್ತದೆ. ಆಡಾಸಿಟಿಯಲ್ಲಿ 6ರಿಂದ ಶುರು ಮಾಡಿ ಅಂದೆನಲ್ಲ, ಅಷ್ಟೇ ಲಾಭ. ಒಂದು ಹಕಾರವೂ ಹೋಗುವುದಿಲ್ಲ, ಒಂದು ಬಾಲವೂ ತುಂಡಾಗುವುದಿಲ್ಲ. ಖರ್ಚು, ಒಬ್ಬರ ತೋಳು ನೋವು. ಫ್ರಿಜ್ ಆಫ್ ಮಾಡಿ, ಮತ್ತೆ ಆನ್ ಮಾಡೋದು ಮರೆಯದಿರಲಿ ಅಂತ ಕಾರಿನ ಕೀ ಅದರೊಳಗೇ ಇಡಿ. ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿಕೊಂಡು 30 ಸೆಕೆಂಡ್ ಆ ಕೋಣೆಯ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ.

ಆ ಮೌನ ಯಾಕೆ ಬೇಕು ಅಂದರೆ, ಪೂರ್ತಿ ತೊಳೆದ ಟ್ರ್ಯಾಕಿನಲ್ಲಿ ಎರಡು ಮಾತಿನ ನಡುವೆ ಏನೂ ಇರುವುದಿಲ್ಲ. ಥಿಯೇಟರಿನಲ್ಲಿ ಅದು ಗುಂಡಿಯ ಹಾಗೆ ಕೇಳುತ್ತದೆ, ಪ್ರೊಜೆಕ್ಟರ್ ಕೆಟ್ಟಿತೇನೋ ಅನ್ನಿಸುತ್ತದೆ. ಅಲ್ಲಿ ಕೋಣೆಯ ಸದ್ದನ್ನು ತೆಳ್ಳಗೆ ಹಾಸಬೇಕು. ಹಾಸಿದ ಮೇಲೆ ನಿಮಗೇ ಗೊತ್ತಾಗುತ್ತದೆ, ತೆಗೆದ ಫ್ಯಾನನ್ನು ಮತ್ತೆ ಹಾಕಿದ್ದೀರಿ. ಹಾಗಿದ್ದಮೇಲೆ ಅಷ್ಟೊಂದು ತೆಗೆಯುವ ಅಗತ್ಯ ಏನಿತ್ತು? ಪ್ರೇಕ್ಷಕರು ಒಂದೇ ಸಮನೆ ಇರುವ ಸದ್ದನ್ನು ಸ್ವಲ್ಪ ಹೊತ್ತಿಗೆ ಮರೆಯುತ್ತಾರೆ. ಮಾತಿನ ಜೊತೆ ಬಂದು ಮಾತಿನ ಜೊತೆ ಹೋಗುವ ಸದ್ದು ಮತ್ತು ಅರ್ಥವಾಗದ ಮಾತು, ಇವೆರಡನ್ನು ಮಾತ್ರ ಸಹಿಸುವುದಿಲ್ಲ.

ಯಾವ ಸಾಫ್ಟ್‌ವೇರ್ ಗೆದ್ದಿತು ಅಂತ ತೀರ್ಮಾನಿಸಲು ಒಂದು ಪರೀಕ್ಷೆ ಇದೆ, ರಿವ್ಯೂಗಳು ಬೇಡ. ಸ್ಕ್ರಿಪ್ಟ್ ಓದದ ಇಬ್ಬರನ್ನು ಹಿಡಿಯಿರಿ, ನಿಮ್ಮ ಮನೆಯವರಾದರೂ ಸರಿ. ಒಬ್ಬರಿಗೆ ತೊಳೆಯದ ದೃಶ್ಯ, ಇನ್ನೊಬ್ಬರಿಗೆ ತೊಳೆದದ್ದು. ಚಿತ್ರ ತೋರಿಸಬೇಡಿ, ಬರೀ ಕೇಳಿಸಿ, ಕೇಳಿದ ಮಾತನ್ನು ಬರೆದುಕೊಡಿ ಅನ್ನಿ. ತೊಳೆದದ್ದು ಕೇಳಿದವರು ಹೆಚ್ಚು ಪದ ಸರಿಯಾಗಿ ಬರೆದರೆ ನಿಮ್ಮ ಆಯ್ಕೆ ಸರಿ. ಕಡಿಮೆ ಬರೆದರೆ, ಎಷ್ಟೇ ಕ್ಲೀನಾಗಿ ಕೇಳಲಿ, ಅನ್‌ಡೂ ಒತ್ತಿ ಮಟ್ಟ ಇಳಿಸಿ. ಬರೆದದ್ದನ್ನು ಓದುವಾಗ ವಾಕ್ಯಗಳ ಕೊನೆಯ ಪದವನ್ನೇ ಮೊದಲು ನೋಡಿ. ಬಂದ್ರೋ, ಬಂದ್ರಾ, ಬರ್ಲಿಲ್ವೋ ಅನ್ನೋದು ಅಲ್ಲೇ ಇರುತ್ತದೆ.